ಕಾಲು ಮುಂದಾದವಳ ಹೊಸ್ತಿಲು

ಭದ್ರಾವತಿಯ ಹಳೆಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಜೋರು ಮಳೆ ಬಂದರೆ ಮಾತಾಡುವುದೇ ಕಷ್ಟ. ಶೀಟಿನ ಮಾಡಿನ ಮೇಲೆ ಹನಿ ಬೀಳುವ ಸದ್ದಿಗೆ ಪಕ್ಕದಲ್ಲಿ ಕೂತವರು ಹೇಳಿದ್ದೂ ಕೇಳುವುದಿಲ್ಲ. ಅಂಥ ಮಳೆಯಲ್ಲೂ ಆ ಸಂಜೆ ನಾವು ಗಂಟಲು ಹರಿದುಕೊಂಡು ಜಗಳವಾಡುತ್ತಿದ್ದೆವು.

ಜಗಳ ನನ್ನ ತಂಗಿ ತನುಶ್ರೀಯ ಹೆರಿಗೆಯದು. ಅವಳಿಗೆ ಒಂಬತ್ತು ತುಂಬುತ್ತಾ ಬಂದಿತ್ತು. ಬೆಳಿಗ್ಗೆ ಶಿವಮೊಗ್ಗದಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ, ಮಗು ತಲೆ ಮೇಲೆ ಮಾಡಿಕೊಂಡು ಕಾಲು ಕೆಳಗೆ ಬಿಟ್ಟುಕೊಂಡಿದೆ ಎಂದು ಗೊತ್ತಾಯಿತು. ಡಾಕ್ಟರು ಗಾಬರಿಪಡಿಸಲಿಲ್ಲ. ಕೆಲವು ಮಕ್ಕಳು ಹಾಗೆ ಇರುತ್ತವೆ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದರು. ಆಸ್ಪತ್ರೆಯಲ್ಲೇ ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ಮಗುವನ್ನು ತಿರುಗಿಸಿ ನೋಡಬಹುದು, ತಿರುಗದೆ ಹೋದರೆ ದಿನ ಗೊತ್ತುಮಾಡಿ ಸಿಸೇರಿಯನ್ ಮಾಡಬಹುದು ಎಂದು ವಿವರಿಸಿದರು. "ಹೀಗಿದ್ದೂ ನಾರ್ಮಲ್ ಆಗೋರು ಇದ್ದಾರೆ. ಆದ್ರೆ ಪಾದವೇ ಕೆಳಗಿದ್ದಾಗ ನಾವು ಆ ದಾರಿ ಹಿಡಿಯಲ್ಲ. ನೀರು ಹೋದ್ರೆ, ನೋವು ಬಂದ್ರೆ ಒಂದು ನಿಮಿಷ ಮನೇಲಿ ಕೂರಬೇಡಿ," ಎಂದು ಒತ್ತಿ ಹೇಳಿ ಕಳಿಸಿದರು.

ನನ್ನ ಮನೆ ಶಿವಮೊಗ್ಗದ ರವೀಂದ್ರನಗರದಲ್ಲಿ, ಆಸ್ಪತ್ರೆಗೆ ಹತ್ತಿರ. ನಮ್ಮ ಅಮ್ಮ ತೀರಿಹೋಗಿದ್ದಾರೆ. ತನುಶ್ರೀಗೆ ತವರು ಎಂದರೆ ನಾನೇ. ಬಟ್ಟೆಬರೆ ತುಂಬಿಕೊಂಡು ಇವತ್ತೇ ನನ್ನ ಜೊತೆ ಹೊರಡು ಎಂದು ನಾನು, ಈಗಲೇ ಏನವಸರ ಎಂದು ಅವಳ ಗಂಡ ಯೋಗರಾಜ್. ಸೋಗಾನೆಯ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುವ ಹುಡುಗ. ಒಳ್ಳೆಯವನು, ಹೆಂಡತಿಯ ಮಾತಿಗೆ ಎದುರಾಡಿದವನಲ್ಲ. ಇವತ್ತು ಮಾತ್ರ ಮೂಲೆಯಲ್ಲಿ ಕೂತು, "ನೋಡೋಣ ಅಕ್ಕಾ, ಇನ್ನೂ ಟೈಮಿದೆಯಲ್ಲ, ಕೊಯ್ಸೋದ್ಯಾಕೆ," ಎನ್ನುವುದನ್ನು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಅವನ ತಾಯಿ ಶೀಲಾ ಒಮ್ಮೆ ಮಗನ ಮುಖ, ಒಮ್ಮೆ ಸೊಸೆಯ ಮುಖ ನೋಡುತ್ತಿದ್ದರು. ತನುಶ್ರೀ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಹೊಟ್ಟೆ ಅವಳದು, ತೀರ್ಮಾನ ಮಾತ್ರ ಊರವರೆಲ್ಲರದು ಎನ್ನುವಂತಾಗಿತ್ತು. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ಶೀಲಾ ಮೇಣದಬತ್ತಿ ಹುಡುಕುತ್ತಿದ್ದಾಗ, ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಪಕ್ಕದ ಮನೆಯ ಸುಭದ್ರಮ್ಮ ಬಂದರು. ಒಂದು ಕಾಲದಲ್ಲಿ ಕಾರ್ಖಾನೆಯ ಗೇಟಿನ ಎದುರು ಇಡ್ಲಿ ಹೋಟೆಲು ನಡೆಸಿ, ಸಾಹೇಬರು ಕೂಲಿಗಳು ಎನ್ನದೆ ಎಲ್ಲರನ್ನೂ ಬೈದು ಬೈದು ತಿನ್ನಿಸಿದ ಹೆಂಗಸು. ಈಗ ಸೊಂಟ ಬಾಗಿದೆ, ನಾಲಿಗೆ ಬಾಗಿಲ್ಲ.

"ನಿಮ್ಮ ಜಗಳ ನಮ್ಮನೆ ಒಲೆ ಮುಂದೆ ಕೇಳ್ತಾ ಇದೆ ಮಾರಾಯ್ತಿ," ಎಂದು ನನ್ನನ್ನು ನೋಡಿ ಹೇಳಿ, ಕೊಪ್ಪೆ ಬಾಗಿಲಿಗೆ ನೇತುಹಾಕಿ, ತನುಶ್ರೀಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. "ಎಲ್ರೂ ಸ್ವಲ್ಪ ಬಾಯಿ ಮುಚ್ಕೊಳ್ಳಿ. ಒಂದು ವಿಷ್ಯ ಹೇಳ್ತೀನಿ. ಬಸುರಿ ಮುಂದೆ ಇಂಥದ್ದೆಲ್ಲ ಆಡ್ಬಾರ್ದು, ನಂಗೂ ಗೊತ್ತು. ಆದ್ರೆ ಇವತ್ತು ಆಡ್ದೇ ಇದ್ರೆ ಆಮೇಲೆ ಆಡಿ ಏನು ಪ್ರಯೋಜನ?"

"ಬೇಡಿ ಸುಭದ್ರಮ್ಮ," ಎಂದರು ಶೀಲಾ, ಮೇಣದಬತ್ತಿ ಹಚ್ಚುತ್ತಾ.

"ಹೇಳಿ ಅಜ್ಜಿ," ಎಂದಳು ತನುಶ್ರೀ. ಆ ಸಂಜೆ ಅವಳು ಆಡಿದ ಮೊದಲ ಮಾತು ಅದು. ನಾವು ಮೂವರೂ ಹತ್ತಿರ ಸರಿದು ಕೂತೆವು. ಯೋಗರಾಜ್ ಇದ್ದಲ್ಲೇ ಇದ್ದ. ಸುಭದ್ರಮ್ಮ ಹೇಳಿದ್ದು ಇದು.

*

ನಮ್ಮನೆ ಎದುರಿಗೆ, ಸಾಲಿನ ಕೊನೇಲಿ, ಬೀಗ ಹಾಕಿರೋ ಮನೆ ಒಂದಿದೆ ನೋಡಿ... ನುಗ್ಗೆಮರ ಬೆಳೆದು ಕಿಟಕಿಗೇ ಒರಗಿಬಿಟ್ಟಿದೆ. ಅದು ಕರಿಬಸಮ್ಮನ ಮನೆ. ಅವಳು, ಅವಳ ಮಗ ಧರ್ಮೇಂದ್ರ, ಸೊಸೆ ಕಾಳಮ್ಮ, ಇಷ್ಟೇ ಜನ. ಈ ಕಾಳಮ್ಮ ಹುಟ್ಟಿದ್ದು ಕಾಲು ಮುಂದಾಗಿ. ಹಾಗೆ ಹುಟ್ಟಿದೋರು ಬೆನ್ನು ತುಳಿದ್ರೆ ಎಂಥಾ ಉಳುಕಿದ್ರೂ ಬಿಟ್ಟುಹೋಗುತ್ತೆ ಅಂತ ನಮ್ಮ ಜನ ನಂಬ್ತಾರಲ್ಲ... ಸುಳ್ಳೋ ನಿಜವೋ, ಕಟ್ಕೊಂಡು ನಂಗೇನು? ನಂಗೂ ಒಂದ್ಸಲ ಇಡ್ಲಿ ಪಾತ್ರೆ ಎತ್ತೋವಾಗ ಸೊಂಟ ಹಿಡ್ಕೊಂಡು, ನೆಟ್ಟಗೆ ನಿಲ್ಲೋಕೂ ಆಗ್ದೆ, ಹೋಗಿ ಅವರ ಮನೆ ಹೊಸ್ತಿಲಿಗೆ ಅಡ್ಡ ಬೋರಲಾಗಿ ಮಲಗಿದೆ. ಅವಳು ಎಡಗಾಲು ಬೆನ್ನ ಮೇಲಿಟ್ಟು, 'ಉಸಿರು ಬಿಡಿ ಅಮ್ಮಾ' ಅಂದ್ಲು. ಲಟಕ್ ಅಂತು. ಎದ್ದು ಬಂದು ನಾಳೆಗೆ ಅಕ್ಕಿ ನೆನೆಹಾಕಿದೆ.

ಕರಿಬಸಮ್ಮ ಇದಾಳಲ್ಲ, ಅವಳು ಮಗನಿಗೆ ಹೆಣ್ಣು ನೋಡೋಕೆ ಹೋದಾಗ ಹುಡುಗಿ ಮುಖ ನೋಡಿದ್ಲೋ ಇಲ್ವೋ, ಕಾಲು ನೋಡ್ಕೊಂಡು ಬಂದ್ಲು! ಆ ಕಾಲು ಮನೆಗೆ ಬಂದ ಮೇಲೆ ಕರಿಬಸಮ್ಮನ ದರ್ಬಾರು ಕೇಳ್ತೀರಾ? ಲೋಡಿಂಗ್ ಮಾಡೋರು, ಗದ್ದೆ ಕೆಲಸದೋರು, ಡ್ರೈವರುಗಳು, ತಮಿಳರು, ಸಾಬರು, ಎಲ್ಲಾ ಜಾತಿಯೋರೂ ಬಂದು ಆ ಹೊಸ್ತಿಲಿಗೆ ಅಡ್ಡ ಬೀಳೋರು. ಬಂದೋರು ಒಂದು ತೆಂಗಿನಕಾಯಿನೋ, ಎಲೆ ಅಡಿಕೆನೋ ಇಟ್ಟು ಹೋಗೋರು. ಇವಳು ಚೇರು ಹಾಕ್ಕೊಂಡು ಕೂತು, 'ಏ ಕಾಳೀ, ಬಾರೇ, ಇವರಿಗೊಂದು ಕಾಲಿಡು' ಅಂತ ಕೂಗೋಳು. ಅವಳು ಅನ್ನಕ್ಕೆ ಎಸರಿಟ್ಟಿದ್ರೂ ಸರಿ, ಜ್ವರ ಬಂದು ಮಲಗಿದ್ರೂ ಸರಿ... ಎದ್ದು ಬರ್ಬೇಕು, ಕಾಲಿಡ್ಬೇಕು. 'ತುಳಿಯೋಳು ಇದಾಳಾ?' ಅಂತ ಕೇಳ್ಕೊಂಡು ಬರೋರು ಜನ. ಆ ಹುಡುಗಿಗೊಂದು ಹೆಸರಿದೆ ಅನ್ನೋದೇ ಮರೆತುಹೋಗಿತ್ತು ಅವರಿಗೆ.

ಆಮೇಲೆ ಬಸುರಿ ಆದ್ಲು. ಏಳೆಂಟು ತಿಂಗಳಾದಾಗ ಒಂದಿನ ನಮ್ಮನೆ ಜಗಲಿಗೆ ಬಂದು ಕೂತು, ಸೊಂಟ ಹಿಸುಕಿಕೊಳ್ತಾ, 'ಎಲ್ಲರ ಬೆನ್ನೂ ತುಳಿದೆ ಅಮ್ಮಾ, ನನ್ನ ಬೆನ್ನು ಯಾರು ತುಳೀತಾರೆ?' ಅಂದ್ಲು. ನಗ್ತಾನೇ ಅಂದ್ಲು. ಬಿಸಿನೀರು ಕಾಯಿಸಿ ಹಾಕ್ದೆ, ಇನ್ನೇನು ಮಾಡ್ಲಿ?

ಶಿವಮೊಗ್ಗದಲ್ಲಿ ಸ್ಕ್ಯಾನಿಂಗ್ ಆಯ್ತು. ಅವಳ ಮಗೂಗೂ ಕಾಲು ಕೆಳಗೆ. ಇವತ್ತು ನಿಮಗೆ ಏನು ಹೇಳಿದ್ರೋ, ಅವಳಿಗೂ ಅದನ್ನೇ ಹೇಳಿದ್ರು. ತಿರುಗಿಸಿ ನೋಡೋಣ, ಇಲ್ದಿದ್ರೆ ಇಂಥಾ ದಿನ ಬಂದು ಅಡ್ಮಿಟ್ ಆಗಿ, ಆಪರೇಷನ್ ಮಾಡಿ ತೆಗೆದುಬಿಡೋಣ ಅಂತ. ಕರಿಬಸಮ್ಮ ಅಲ್ಲಿಂದ ಬಂದೋಳು ಏನು ಮಾಡಿದ್ಲು ಗೊತ್ತಾ? ಸಾಲಿಗೆಲ್ಲ ಸಕ್ಕರೆ ಹಂಚಿದ್ಲು! ಹೌದು ಮಾರಾಯ್ತಿ, ಸಕ್ಕರೆ! ಯಾಕೆ ಅಂದ್ರೆ... ಆ ಕಾಲು ಇನ್ನೊಂದು ತಲೆಮಾರು ಮನೇಲೇ ಉಳೀತು ಅಂತ. ಹೊಟ್ಟೆ ಕೊಯ್ದು ಎತ್ತಿದ ಮಗು ಕಾಲು ಮುಂದಾಗಿ ಹುಟ್ಟಿದ ಹಾಗಾಯ್ತಾ? ಆಗಲಿಲ್ಲ. ಆ ಕಾಲಿಗೆ ಗುಣ ಬರಲ್ಲ. ತಿರುಗಿಸಿ ತಲೆ ಕೆಳಗೆ ಮಾಡಿದ್ರಂತೂ ಮುಗಿದೇ ಹೋಯ್ತು, ಎಲ್ಲರ ಮನೆ ಮಗು ಥರ ಅದೂ ಒಂದು ಮಗು. ಅದು ಹೇಗೆ ಕೂತಿದೆಯೋ ಹಾಗೇ, ಮನೇಲೇ, ಕಾಲು ಮುಂದಿಟ್ಕೊಂಡೇ ಬರ್ಬೇಕು... ಇದು ಅವಳ ಲೆಕ್ಕಾಚಾರ.

ನಾನು ಹೋಗಿ ಬಾಯಿಗೆ ಬಂದ ಹಾಗೆ ಬೈದೆ. 'ನಿಮ್ಮನೆ ಇಡ್ಲಿ ನೀವು ಬೇಯಿಸ್ಕೊಳ್ಳಿ ಸುಭದ್ರಮ್ಮ' ಅಂದ್ಲು. ಧರ್ಮೇಂದ್ರನ್ನ ಕೇಳಿದ್ರೆ ಆ ಬಾಗಿಲು ಈ ಬಾಗಿಲಿಗೆ ಓಡಾಡ್ಕೊಂಡು, 'ಅಮ್ಮಂಗೆ ಗೊತ್ತಿರುತ್ತೆ ಬಿಡಿ' ಅಂದ. ಅವನೇನು ಕೆಟ್ಟೋನಲ್ಲ. ಕೆಟ್ಟೋನಾಗಿದ್ರೆ ನಾಲ್ಕು ಮಾತು ಉಗಿದು ದಾರಿಗೆ ತರಬಹುದಿತ್ತು... ಒಳ್ಳೆಯೋನು, ಬಾಯಿ ಬಿಡದೇ ಇರೋನು, ಅವನಿಗೆ ಏನು ಮಾಡ್ತೀರಿ? ಕಾಳಮ್ಮ ಒಂದೇ ಒಂದ್ಸಲ ಅತ್ತೆ ಕಾಲು ಹಿಡ್ಕೊಂಡಿದ್ದು ನಾನು ಕಣ್ಣಾರೆ ಕಂಡೆ. 'ಅತ್ತೇ, ನಾನು ಹುಟ್ಟೋವಾಗ ನಮ್ಮವ್ವ ಸತ್ತುಹೋದ್ಲು' ಅಂದ್ಲು. ಕರಿಬಸಮ್ಮ ಏನಂದ್ಲು ಹೇಳಿ? 'ನೀನು ಬದುಕಿದ್ದೀಯಲ್ಲ' ಅಂದ್ಲು.

ಆಸ್ಪತ್ರೆಯೋರು ಹೇಳಿದ ದಿನ ಬಂತು, ಹೋಯ್ತು. ಅದಾಗಿ ಸ್ವಲ್ಪ ದಿನಕ್ಕೆ, ಮಧ್ಯಾಹ್ನ, ಒಬ್ಬ ಸೊಂಟ ಹಿಡ್ಕೊಂಡೋನು ಬಂದು ಹೊಸ್ತಿಲ ಮೇಲೆ ಮಲಗಿದ್ದ. ತುಂಬಿದ ಬಸುರಿ ಗೋಡೆ ಹಿಡ್ಕೊಂಡು ಬಂದು, ಕಾಲೆತ್ತಿ ಅವನ ಬೆನ್ನ ಮೇಲಿಟ್ಲು ನೋಡಿ... ಹಾಗೇ ನೀರು ಒಡೀತು. ಆ ಗಂಡಸಿನ ಶರಟೆಲ್ಲ ಒದ್ದೆ. ಅವನು ಹೆದರಿ ಎದ್ದು ಓಡಿಹೋದ. ಕರಿಬಸಮ್ಮ ಸೊಸೇನ ಒಳಗೆ ಎಳ್ಕೊಂಡು ಬಾಗಿಲು ಹಾಕಿದ್ಲು.

ನಾನು ಓಡಿಹೋಗಿ ಜಾಕಿರನ್ನ ಕರ್ಕೊಂಡು ಬಂದೆ. ಗ್ಯಾರೇಜು ಇಟ್ಟಿದ್ನಲ್ಲ, ಓಮ್ನಿ ಗಾಡಿ ಇತ್ತಲ್ಲ, ಅವನೇ. ಪಾಪ, ಊಟ ಅರ್ಧಕ್ಕೆ ಬಿಟ್ಟು ಬಂದ. ಗಾಡಿ ಸ್ಟಾರ್ಟ್ ಮಾಡಿ ಬಾಗಿಲ ಮುಂದೆ ನಿಲ್ಲಿಸ್ಕೊಂಡು, ಇಬ್ರೂ ಬಾಗಿಲು ಬಡಿದ್ವಿ. ಬಡಿದ್ವಿ, ಬಡಿದ್ವಿ... 'ಖಾಲಾ, ದರ್ವಾಜಾ ತೆಗೀರಿ, ನಿಮ್ಮ ಕಾಲಿಗೆ ಬೀಳ್ತೀನಿ' ಅಂತಾನೆ ಅವನು. ಒಳಗೆ ಆ ಹುಡುಗಿ ಕೂಗ್ತಾ ಇದ್ಲು. ಎಷ್ಟು ಹೊತ್ತಾಯ್ತೋ ಗೊತ್ತಿಲ್ಲ... ಒಂದ್ಸಲ ಕರಿಬಸಮ್ಮ ಸಂತೋಷದಲ್ಲಿ ಕಿರುಚಿದ್ಲು, 'ಕಾಲು ಬಂತು! ಕಾಲು ಬಂತು ಕಣ್ರೋ!' ಅಂತ. ಆಮೇಲೆ ಸದ್ದಿಲ್ಲ. ಆಮೇಲೆ ಅವಳೇ ಬಾಗಿಲು ತೆಗೆದ್ಲು. ಅವಳ ಮುಖ ಹೇಗಿತ್ತು ಅಂತ ನನ್ನ ಕೇಳ್ಬೇಡಿ.

ಕಾಲು ಬಂದಿತ್ತು, ಸೊಂಟ ಬಂದಿತ್ತು, ಕೈ ಬಂದಿತ್ತು. ತಲೆ ಬರಲಿಲ್ಲ. ತಲೆ ಸಿಕ್ಕಿಹಾಕ್ಕೊಂಡಿತ್ತು. ಗಾಡಿಯಲ್ಲಿ ಕಾಳಮ್ಮನ ತಲೆ ನನ್ನ ತೊಡೆ ಮೇಲೆ. ನನ್ನ ಕೈ ಹಿಡ್ಕೊಂಡು, 'ಉಸಿರು ಬಿಡ್ಲಾ ಅಮ್ಮಾ? ಉಸಿರು ಬಿಡ್ಲಾ?' ಅಂತ ಕೇಳ್ತಾನೇ ಇದ್ಲು. ಹೊಳೆ ಸೇತುವೆ ದಾಟೋದ್ರೊಳಗೆ ಬಿಟ್ಟೇಬಿಟ್ಲು. ಜಾಕಿರ್ ಗಾಡಿ ನಿಲ್ಲಿಸಿ, ಸ್ಟೇರಿಂಗಿಗೆ ತಲೆ ಇಟ್ಟು ಅತ್ತ. ನನಗೆ ಅಳೋಕೂ ಆಗಲಿಲ್ಲ. ಏನು ಮಾಡಿದ್ರೂ ಆಗದೇ ಇರೋ ಕಡೆ ಮನುಷ್ಯರು ಏನು ಮಾಡ್ಬೇಕು ಹೇಳಿ?... ಆ ಮಗು, ಗಂಡೋ ಹೆಣ್ಣೋ, ಅದರ ಮುಖ ಈ ಲೋಕದಲ್ಲಿ ಒಬ್ಬರೂ ನೋಡಲಿಲ್ಲ. ತಾಯಿ ಮಗೂನ ಹಾಗೇ ಮಣ್ಣು ಮಾಡಿದ್ರು. ತಿಂಗಳು ಕಳೀತಿದ್ದ ಹಾಗೆ ಅಮ್ಮ ಮಗ ಇಬ್ರೂ ಮನೆಗೆ ಬೀಗ ಹಾಕಿ ಊರು ಬಿಟ್ರು.

ಇಷ್ಟೇ ಆಗಿದ್ರೆ ನಾನು ಈ ಮಳೇಲಿ ಬರ್ತಿರಲಿಲ್ಲ ಮಗಳೇ.

ಒಂದು ಮಧ್ಯಾಹ್ನ, ಒಳ್ಳೇ ಬಿಸಿಲು, ನಾನು ಜಗಲಿ ಮೇಲೆ ಮೊರ ಇಟ್ಕೊಂಡು ಅಕ್ಕಿ ಆರಿಸ್ತಾ ಕೂತಿದ್ದೆ. ಹೊಸಮನೆ ಬಡಾವಣೆ ಕಡೆಯೋನಂತೆ, ಗಾರೆ ಕೆಲಸದೋನು, ಬೆನ್ನು ಬಗ್ಗಿಸ್ಕೊಂಡು ಬಂದು ಆ ಬೀಗ ಹಾಕಿದ ಬಾಗಿಲ ಮುಂದೆ ಹೊಸ್ತಿಲ ಮೇಲೆ ಮಲಗಿಬಿಟ್ಟ. ಪಾಪ, ಅವನಿಗೆ ಏನೂ ಗೊತ್ತಿಲ್ಲ. ಕೂಗಿ ಹೇಳೋಣ ಅಂತ ಎದ್ದೆ... ಅಷ್ಟರಲ್ಲಿ ನೋಡಿ... ಅವನ ಶರಟು ಬೆನ್ನ ಮಧ್ಯ ಒಳಗೆ ಹೋಯ್ತು. ಯಾರೋ ಕಾಲಿಟ್ಟ ಹಾಗೆ, ಮೆತ್ತಗೆ, ಹಾಗೇ ಭಾರ ಬಿಟ್ಟ ಹಾಗೆ. ಅಲ್ಲಿ ಯಾರೂ ಇಲ್ಲ! ಬಿಸಿಲು ಬಿದ್ದಿದೆ, ಬಾಗಿಲಿಗೆ ಬೀಗ ನೇತಾಡ್ತಾ ಇದೆ, ಅವನ ಬೆನ್ನು ಮಾತ್ರ ತಗ್ಗಿದೆ. ಲಟಕ್ ಅಂದಿದ್ದು ಇಲ್ಲಿಗೆ ಕೇಳ್ತು. ಅವನು ಎದ್ದು, ಮೈ ಮುರಿದು, ನನ್ನ ಕಡೆ ತಿರುಗಿ, 'ಆಯಮ್ಮ ಒಳಗೆ ಹೋದ್ರಾ ಅಜ್ಜೀ? ಉಸಿರು ಬಿಡಿ ಅಣ್ಣ ಅಂದ್ರು, ಕಾಯಿ ಕೊಡೋಣ ಅಂದ್ರೆ ಕಾಣ್ತಾ ಇಲ್ಲ' ಅಂದ. ಅವನ ಬೆನ್ನ ಮೇಲೆ ಒದ್ದೆ ಪಾದ ಮೂಡಿತ್ತು.

ಸುದ್ದಿ ನಿಲ್ಲುತ್ತಾ? ಮತ್ತೆ ಬರೋಕೆ ಶುರುವಾದ್ರು. ಬೇರೆ ಊರಲ್ಲಾದ್ರೆ ದೆವ್ವ ಅಂದ್ರೆ ಆ ದಾರೀಲಿ ಓಡಾಡಲ್ಲ, ನಮ್ಮ ಜನಕ್ಕೆ ಭಯ ಗಿಯ ಏನೂ ಇಲ್ಲ, ಸೊಂಟ ನೆಟ್ಟಗಾದ್ರೆ ಸಾಕು. ಸತ್ತೋಳನ್ನೂ ಬಿಡಲ್ವೇನ್ರೋ ಅಂತ ಪೊರಕೆ ತಗೊಂಡು ಹೋಗಿ ಅಟ್ಟಿದ್ದೀನಿ. ಇನ್ನೊಂದು ದಿನ ಬರ್ತಾರೆ, ನಾನು ಮಲಗಿದಾಗ ಬರ್ತಾರೆ. ಒಂದ್ಸಲ ನಾನೇ ಆ ಬಾಗಿಲ ಹತ್ರ ನಿಂತು, 'ಕಾಳೀ, ಸಾಕಮ್ಮಾ, ಹೊರಟುಹೋಗು, ಇವರ ಬೆನ್ನು ಮುರಿದುಹೋಗ್ಲಿ' ಅಂತ ಬೇಡ್ಕೊಂಡೆ. ಒಳಗಿಂದ ಒಂದು ನಿಟ್ಟುಸಿರು ಕೇಳ್ತು. ಅಷ್ಟೇ. ಹೋಗೋಕೆ ಅವಳಿಗೆ ಗೊತ್ತಿದ್ರೆ ಬದುಕಿದ್ದಾಗಲೇ ಹೋಗ್ತಿರಲಿಲ್ವಾ?

*

ಇಲ್ಲಿಗೆ ಸುಭದ್ರಮ್ಮ ನಿಲ್ಲಿಸಿದರು. ಮಳೆ ಸ್ವಲ್ಪ ಕಡಿಮೆಯಾಗಿತ್ತು. ಶೀಲಾ ಸೆರಗಿನಿಂದ ಕಣ್ಣು ಒರೆಸಿಕೊಂಡು, "ನಾಳೆ ಬೆಳಿಗ್ಗೆನೇ ಕರ್ಕೊಂಡು ಹೋಗಮ್ಮ, ನಾನೂ ಬರ್ತೀನಿ," ಎಂದು ನನ್ನ ಕೈ ಹಿಡಿದರು. ಮಗನ ಬಾಯಲ್ಲಿ ಆಡಿಸುತ್ತಿರುವವರು ಅವರೇ ಎಂದು ನನಗಿದ್ದ ಅನುಮಾನವೆಲ್ಲ ಕರಗಿ ನಾಚಿಕೆಯಾಯಿತು. ತನುಶ್ರೀಯ ಕೆನ್ನೆ ಒದ್ದೆಯಾಗಿತ್ತು.

"ಈಗಲೂ ಇದಾಳಾ ಅಜ್ಜಿ, ಕಾಳಮ್ಮ?" ಎಂದು ಅವಳು ಕೇಳಿದಳು.

ಸುಭದ್ರಮ್ಮ ಕರಗಿ ಬಿದ್ದ ಮೇಣವನ್ನು ಉಗುರಿನಿಂದ ಕೆರೆದು ತೆಗೆದರು. ಮತ್ತೆ ಮಾತಾಡಿದಾಗ ಅವರ ದನಿಯಲ್ಲಿ ಆ ಬೈಗುಳದ ಬಿಸಿ ಇರಲಿಲ್ಲ.

"ಅವಳು ಹೋದ್ಲು ಕಣಮ್ಮಾ. ಎರಡು ಮೂರು ವರ್ಷ ಆಯ್ತು. ಈಗ ಹೋಗಿ ಮಲಗಿದೋರಿಗೆ ಉಸಿರು ಬಿಡಿ ಅನ್ನೋ ಮಾತು ಕೇಳಲ್ವಂತೆ. ಯಾರೂ ಮಾತೇ ಆಡಲ್ವಂತೆ... ಮಾತಾಡೋಕೆ ಬಾಯಿ ಬೇಕಲ್ಲ? ಬಂದಿದ್ದು ಕಾಲು ತಾನೇ, ತಲೆ ಬಂದೇ ಇರಲಿಲ್ವಲ್ಲ. ಅವಳು ಹೋದ ಮೇಲೆ ಮಲಗಿ ಎದ್ದೋರ ಬೆನ್ನು ಮೊದಲು ನೋಡಿದಾಗ ಅಂಗೈಯಷ್ಟೂ ಇರಲಿಲ್ಲ ಆ ಒದ್ದೆ ಪಾದದ ಗುರುತು. ಈಗ ಸ್ಕೂಲಿಗೆ ಹೋಗೋ ಮಗೂದಷ್ಟಾಗಿದೆ. ಬೆಳೀತಾ ಇದೆ... ಕರಿಬಸಮ್ಮ ಆಸೆ ಪಟ್ಟಿದ್ದೂ ಅದೇ ಅಲ್ವಾ, ಆ ಕಾಲು ಮನೇಲೇ ಉಳೀಬೇಕು ಅಂತ? ಉಳ್ಕೊಂಡಿದೆ. ಆಡೋ ಮಗು. ಅದಕ್ಕೆ ಸಾಕು ಅನ್ನೋರು ಯಾರು, ಬಾ ಅನ್ನೋರು ಯಾರು? ಜನ ಬಂದು ಮಲಗ್ತಾರೆ, ಅದು ಬಂದು ಕಾಲಿಡುತ್ತೆ."

ತನುಶ್ರೀ ಹೊಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಇದನ್ನೆಲ್ಲ ನಿಮಗೆ ಹೆದರಿಸೋಕೆ ಹೇಳಲಿಲ್ಲ," ಎಂದರು ಸುಭದ್ರಮ್ಮ, ಮೊಣಕಾಲ ಮೇಲೆ ಕೈಯೂರಿ ಏಳುತ್ತಾ. "ಇವತ್ತು ಮಧ್ಯಾಹ್ನ, ನೀವು ಸ್ಕ್ಯಾನಿಂಗ್ ಮುಗಿಸ್ಕೊಂಡು ಬಂದು ಉಂಡು ಮಲಗಿದ್ರಲ್ಲ, ಆಗ ಒಬ್ಬ ಬಂದಿದ್ದ ಅಲ್ಲಿಗೆ. ಸೊಂಟ ಉಳುಕಿದೋನಲ್ಲ, ನೆಟ್ಟಗೇ ನಡ್ಕೊಂಡು ಬಂದ. ಆ ಕಡೆ ಈ ಕಡೆ ನೋಡಿ ಮಲಗಿದ. ಉಳುಕೇ ಇಲ್ಲದೋನು ಯಾಕೆ ಮಲಗ್ತಾನೆ? ಆ ಕಾಲಿಗೆ ನಿಜವಾಗ್ಲೂ ಗುಣ ಇದೆಯಾ, ಇಟ್ಕೊಂಡ್ರೆ ಮನೆಗೆ ಒಳ್ಳೇದಾ ಅಂತ ನೋಡೋಕೇ ಬಂದಿದ್ದ ಅನ್ಸುತ್ತೆ. ಎದ್ದು ಹೋಗೋವಾಗ ಮುಖದ ಮೇಲೆ ಎಂಥಾ ನಗು ಇತ್ತು ಅಂತೀರಿ!... ಅವನು ಯಾರು ಅಂತ ನಾನು ಹೇಳಲ್ಲ."

ನಾನು ಮೂಲೆಯ ಕಡೆ ತಿರುಗಿದೆ. ಯೋಗರಾಜ್ ಗೋಡೆಗೆ ಒರಗಿರಲಿಲ್ಲ. ನಮ್ಮ ಜಗಳ ಶುರುವಾದಾಗಿನಿಂದ ಅವನು ಒಮ್ಮೆಯೂ ಬೆನ್ನು ಗೋಡೆಗೆ ಮುಟ್ಟಿಸದೆ ಕೂತಿದ್ದ ಎನ್ನುವುದು ನನಗೆ ಆಗ ಹೊಳೆಯಿತು. ಅವನು ತಲೆಯೆತ್ತಲಿಲ್ಲ. ಬೆಳಿಗ್ಗೆ ನಮ್ಮನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಬೇಕಾದ ಕಾರಿನ ಕೀ ಅವನ ಮುಷ್ಟಿಯಲ್ಲೇ ಇತ್ತು.

ಸುಭದ್ರಮ್ಮ ಕೊಪ್ಪೆ ತಲೆಗೆ ಹಾಕಿಕೊಂಡು ಬಾಗಿಲಲ್ಲಿ ನಿಂತರು.

"ಮಗಳೇ, ನಿನ್ನ ಗಂಡನ ಶರಟು ಎತ್ತಿ ಒಂದ್ಸಲ ಬೆನ್ನು ನೋಡು. ಇನ್ನೂ ಆರಿರಲ್ಲ."